ತಟ್ಟೆ ಬೇರೆ

ಡಾಕ್ಟರು ಪಟ್ಟಿ ತೋರಿಸಿದರು: ಎರಡು ಗೆರೆ.
ಎರಡನೆಯದು ಎಷ್ಟು ತೆಳು ಅಂದರೆ
ಕನ್ನಡಕ ಒರೆಸಿ ನೋಡಿದೆ. ಇತ್ತು.

"ಎಂಜಲಲ್ಲಿ ಹರಡುತ್ತೆ, ಚಿಕ್ಕತಾಯಮ್ಮನೋರೆ.
ಮನುಷ್ಯರಿಗೆ ಬರಲ್ಲ. ಇನ್ನೊಂದು ಬೆಕ್ಕಿಗೆ
ಮೊದಲು ಟೆಸ್ಟು, ಆಮೇಲೆ ಲಸಿಕೆ.
ಇದನ್ನ ಹೊರಗೆ ಬಿಡಬೇಡಿ. ಹಸಿ ಮೀನು ಬೇಡ."
ಎಷ್ಟು ದಿನ ಅಂತ ನಾನು ಕೇಳಲಿಲ್ಲ.

ಗುತ್ತಲು ರಸ್ತೆಯ ನಮ್ಮ ಗಿರಣಿಯಲ್ಲಿ
ಬೆನ್ನಿಗೆ ಮೆತ್ತಿದ ರಾಗಿ ಹಿಟ್ಟನ್ನು
ಒಂದನ್ನೊಂದು ನೆಕ್ಕಿ ತೊಳೆದೇ ಬೆಳೆದವು ಎರಡೂ.
ಕಾಯಿಲೆ ದಾಟುವ ದಾರಿಯೂ ಅದೇ ಅಂತೆ.

ಕರಿಯನಿಗೆ ಒಂದೇ ಗೆರೆ ಬಂತು. ನಡುವೆ ಬಾಗಿಲು ಹಾಕಿದೆ.
ರಾತ್ರಿಯೆಲ್ಲ ಬಾಗಿಲಡಿಯ ಸಂದಿಯಲ್ಲಿ
ಆ ಕಡೆಯಿಂದೊಂದು ಪಂಜ, ಈ ಕಡೆಯಿಂದೊಂದು.

ಗೋಧಿಯ ತಟ್ಟೆಗೆ ಮೊಳೆಯಲ್ಲಿ ಗೀರು ಹಾಕುವಾಗ
ಕೈ ನಿಂತಿತು.
ಆರನೇ ಕ್ಲಾಸಿನ ವರ್ಷ ನನ್ನ ತಟ್ಟೆಗೂ
ಅವ್ವ ಹೀಗೇ ಗೀರಿದ್ದಳು. ಕೆಮ್ಮು ನಿಂತು,
ಮಾತ್ರೆ ಮುಗಿದು, ನಾನು ಮದುವೆಯಾಗಿ ಹೋದರೂ
ಅಟ್ಟದ ಮೇಲೇ ಇತ್ತು ಆ ತಟ್ಟೆ, ಯಾರೂ ಉಣ್ಣದೆ.

ಈಗ ಮಧ್ಯಾಹ್ನ ಗಿರಣಿ ನಿಲ್ಲಿಸಿ
ಒಳಕೋಣೆಯ ನೆಲಕ್ಕೆ ಕೂರುತ್ತೇನೆ:
ನನ್ನ ಮುದ್ದೆ, ಅದರ ಬೇಯಿಸಿದ ಮೀನು.
ಇವತ್ತು ಅರ್ಧ ತಿಂದಿತು.
ಮುಳ್ಳು ಬಿಡಿಸಿದ ಬೆರಳು ನೆಕ್ಕಿ, ಕಾಲಿಗೊರಗಿತು.
ಕೈ ತೊಳೆದೇ ಆ ಬಾಗಿಲು ತೆಗೆಯಬೇಕು.
ಇನ್ನೂ ಸ್ವಲ್ಪ ಹೊತ್ತು.