ಖಾಲಿ ಪಲ್ಲಕ್ಕಿ

ಅರಸನನ್ನು ಮಾತ್ರ ಬರೆಯುವಂತಿಲ್ಲ.
ಪಲ್ಲಕ್ಕಿ ಬರಿ, ಕೊಡೆ ಬರಿ,
ಹೊರುವವರ ಬೆವರನ್ನೂ ಬರಿ ಬೇಕಾದರೆ;
ನಡುವೆ ಕಾಗದ ಕಾಗದವಾಗಿಯೇ ಇರಲಿ,
ಶಾಸ್ತ್ರ — ಅಂದು ಮುದುಕ ಮೇಂಗ್ ಕೆಮ್ಮಿದ.

ಸೈನಿಕರಿಗೆ ಮರದ ಅಚ್ಚು.
ಒತ್ತಿದಷ್ಟೂ ಅದೇ ಮೂಗು, ಅದೇ ಮೀಸೆ,
ಮುನ್ನೂರು ಮಂದಿ.
ಹಾನ್ ನದಿಗೆ ದೋಣಿ ಜೋಡಿಸಿದ ಸೇತುವೆ.
ಹೊರಗೆ ಹಿಮ; ಬಟ್ಟಲಲ್ಲಿ ಕೆಂಪು ಹೆಪ್ಪುಗಟ್ಟುತ್ತಿದೆ.

ಇನ್ಹೋ ಅಚ್ಚು ಕೆಳಗಿಟ್ಟ.
ಎಡಗಡೆಯ ಮೂರನೇ ಬೋಯಿಗೆ
ಕೈಯಾರೆ ಹೆಗಲು ಬರೆದ, ತುಸು ಜೋತದ್ದು.
ಅಪ್ಪನದು.
ಎಡೆಯಿಡುವ ದಿನ ಎದುರಿಗಿಡಲು ಪಟವಿಲ್ಲದೆ
ಬರೀ ಹೆಸರಾಗಿ ಕೂರುವವನು.

ಮೇಂಗ್ ಕನ್ನಡಕ ಏರಿಸಿ ನೋಡಿದ.
ನೋಡುತ್ತಲೇ ಇದ್ದ.
ತುಂಬ ನಡೆದವನು, ಅಂದ.
ಕುಂಚ ಇಸಕೊಂಡು
ಆ ಬೋಯಿಯ ಹುಲ್ಲಿನ ಕೆರದಿಂದ
ಒಂದೆಳೆ ಬಿಚ್ಚಿ ಬಿಟ್ಟ.