ಚೀಟಿ ನಲವತ್ತೇಳು

ಡೆಲ್ಫೀನ್, ಆ ಡಬ್ಬಿ ಇತ್ತ ತಾ.
ಹೊಲಿಗೆಯದಲ್ಲ, ಬಿಸ್ಕತ್ತಿನದು. ಅದರಲ್ಲೀಗ
ಬಿಸ್ಕತ್ತಿಲ್ಲ, ಬರೀ ಗಡುವುಗಳು.

ಇದು ಎಡಗೈಯಲ್ಲಿ ಬರೆಯುವವರಿಗೆ. ನೀನಲ್ಲ.
ಇದು ಆರಡಿ ಮೀರಿದವರಿಗೆ. ನಾಲ್ಕು ಬೆರಳು ಕಮ್ಮಿ,
ಮಾರ್ಚಿಯೊಳಗೆ ಬೆಳೆದೀಯಾ?
ಇದು ಜೇನು ಸಾಕುವವರ ಸಂಘದ್ದು: ನಾಲ್ಕು ನೂರು ಡಾಲರ್,
ಜೇನುಹುಳದ ಮೇಲೆ ಎರಡು ಪುಟ.
ಒಮ್ಮೆ ಕಚ್ಚಿಸಿಕೊಂಡಿದ್ದೀಯಲ್ಲ, ಸಾಕು, ಬರಿ.
ಇದು ಅರೂಸ್ಟುಕ್ ಕೌಂಟಿಯಲ್ಲಿ ಹುಟ್ಟಿದವರಿಗೆ ಮಾತ್ರ.
ನೋಡು, ಇಲ್ಲಿ ಹುಟ್ಟಿದ್ದೂ ಕಡೆಗೊಂದು ಅರ್ಹತೆ.

ರಾತ್ರಿ ಹತ್ತೂವರೆ. ಶಾಲೆ ಬಸ್ಸಿನ ಕೀಲಿ ಇನ್ನೂ ನನ್ನ ಕೋಟಿನಲ್ಲೇ.
ನಿನ್ನಮ್ಮ ವೃದ್ಧಾಶ್ರಮದ ರಾತ್ರಿಪಾಳಿಯಲ್ಲಿ.
ಕಿಟಕಿಯ ಸಂದಿಗೆ ತುರುಕಿದ ಟವೆಲ್ಲು
ಚಳಿಗೆ ಹಲಗೆಯಂತೆ ಸೆಟೆದಿದೆ.

ಸರ್ಕಾರದ ಅರ್ಜಿ ಕೇಳುತ್ತದೆ: ತಂದೆಯ ಆದಾಯ.
ನಾನು ಹಾಳೆ ಹಿಂದೆ ಮುಂದೆ ತಿರುವುತ್ತೇನೆ.
'ತೀರಿಕೊಂಡಿದ್ದಾರೆ' ಉಂಟು. 'ಬೇರ್ಪಟ್ಟಿದ್ದಾರೆ' ಉಂಟು.
'ಟ್ರಕ್ಕಿಗೆ ಡೀಸೆಲ್ ಹಾಕಿಸಿ ಬರುತ್ತೇನೆಂದು ಹೋದರು'
ಅದಕ್ಕೊಂದು ಚೌಕ ಇಲ್ಲ.

ಮತ್ತೊಂದು ಕೇಳುತ್ತದೆ: ನೀವು ದಾಟಿದ ಕಷ್ಟ,
ಐನೂರು ಪದ ಮೀರದಂತೆ.
ಪೆನ್ನು ಕೆಳಗಿಟ್ಟೆ ನೀನು: "ಅಪ್ಪನನ್ನು ಮಾರೋದಿಲ್ಲ, ಅತ್ತೆ."
ನಾನು ನಕ್ಕೆ: ನನ್ನ ತಮ್ಮನಿಗೆ ಎರಡು ಸಾವಿರ
ಯಾರು ಕೊಡುತ್ತಾರೆ ಹುಡುಗಿ?
ನೀನು ನಗಲಿಲ್ಲ.

ಆಮೇಲೆ ಹೇಳಿದೆ, ಹೇಳಬಾರದೆಂದಿದ್ದದ್ದು.
ಆಲೂಗಡ್ಡೆ ಕೀಳುವ ಮೂರು ವಾರ ನಮಗೆ ಶಾಲೆಗೆ ರಜೆ.
ನಸುಕಿಗೇ ಮೊಣಕಾಲೂರಿ, ಮಂಜು ಹಿಡಿದ ಮಣ್ಣಲ್ಲಿ
ಆಯ್ದು ಆಯ್ದು ಬ್ಯಾರಲ್ ತುಂಬಿದರೆ
ಅದರ ಮೇಲೆ ನಮ್ಮ ನಮ್ಮ ಚೀಟಿ.
ಒಂದಕ್ಕೆ ಐವತ್ತು ಸೆಂಟು. ನನ್ನದು ನಲವತ್ತೇಳು.
ಕೊನೆಯ ದಿನ ಲೆಕ್ಕದಲ್ಲಿ ಎಂಟು ಬ್ಯಾರಲ್ ಹೆಚ್ಚು ಬಂತು.
ನಿನ್ನಪ್ಪ, ಹನ್ನೊಂದರ ಪೋರ, ಪಕ್ಕದ ಸಾಲಿನವನು,
ತಾನು ತುಂಬಿದ್ದರ ಮೇಲೆ ನನ್ನ ನಂಬರಿಟ್ಟಿದ್ದ.
ಯಾಕೋ ಎಂದು ನಾನು ಕೇಳಲಿಲ್ಲ.
ಚಳಿಗಾಲಕ್ಕೆ ಬೂಟು ಕೊಂಡೆ.

ನೀನೂ ಏನೂ ಕೇಳಲಿಲ್ಲ. ಲಾಟೀನಿನಂಥ ಆ ಹಳೇ ದೀಪವನ್ನು
ನಿನ್ನ ಕಡೆಗೆ ಎಳೆದುಕೊಂಡೆ, ಅಷ್ಟೆ.
ನಾನು ಮಲಗಲು ಹೋದೆ. ನಿದ್ದೆ ಬಂತೆಂದೇನಲ್ಲ.

ಐದಕ್ಕೆ ಬಸ್ಸು ಬಿಸಿಮಾಡಲೆಂದು ಎದ್ದರೆ
ಮೇಜಿನ ಮೇಲೆ ಆರು ಲಕೋಟೆ, ಅಂಟಿಸಿಯಾಗಿದೆ.
ಕಾಯಿಸಿಟ್ಟ ಹಾಲು ಹಾಗೇ ಕೆನೆಗಟ್ಟಿದೆ.
ಐದಕ್ಕೆ ಒಂದೊಂದೇ ಅಂಚೆಚೀಟಿ,
ಆ ಕಷ್ಟದ ಲಕೋಟೆಗೆ ಎರಡು.
ಒಂದು ಸಾಕಿತ್ತೇನೋ.
ಇರಲಿ, ಅದರ ತೂಕ
ನನಗೇನು ಗೊತ್ತು.