ತೋಟಾ

ಫೋಂಡಾದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಕನ್ನಡಕದಂಗಡಿಗೂ ಬೇಕರಿಗೂ ನಡುವೆ
ನಮ್ಮ ಬಂದೂಕಿನಂಗಡಿ.
ಹಳಿಯಾಳದಿಂದ ಬಂದವ ನಾನು, ಇಪ್ಪತ್ತಾರು ವರ್ಷದ ನೌಕರ.
ತೋಟಕ್ಕೂ ತೋಟಾಕ್ಕೂ ಒಂದೇ ದೀರ್ಘದ ಅಂತರ
ಎಂದು ಹೇಳಿ ನಗೋಣವೆಂದರೆ
ಇಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ.

ಏಪ್ರಿಲ್. ಕೊಳೆತ ಗೇರುಹಣ್ಣಿನ ವಾಸನೆ ಅಂಗಿಗಂಟಿಸಿಕೊಂಡು
ಸತ್ತರಿಯಿಂದ ಸಗುಣ ಗಾಂವಕಾರ ಬಂದ,
ಲೈಸೆನ್ಸು ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
"ಆರನೇ ನಂಬರು ಕೊಡು. ಅಗ್ಗದ್ದು."
ಹಕ್ಕಿಗಾ?
"ಹಂದಿ."
ಓಡ್ತಾ ಇದೆಯಾ?
"ಉರುಳಿಗೆ ಬಿದ್ದಿದೆ. ಹಿಂಗಾಲು. ಎಲುಬು ಕಾಣ್ತದೆ.
ಫಾರೆಸ್ಟಿನವರು ನೋಡಿದರು, ಉಳಿಯೋದಿಲ್ಲ, ಮುಗಿಸು ಅಂತ
ಚೀಟಿ ಬರೆದುಕೊಟ್ಟರು."
ಚೀಟಿ ತೋರಿಸಿದ. ಕೈ ಗಾಜಿನ ಮೇಲೆ ನಿಲ್ಲಲಿಲ್ಲ.
ಉರುಳು ಯಾರದೆಂದು ಚೀಟಿಯಲ್ಲಿ ಇರಲಿಲ್ಲ.

ಆರನೇ ನಂಬರೆಂದರೆ ಸಾಸಿವೆ, ಸಗುಣ.
ಹಂದಿಯ ಹೆಗಲೆಂದರೆ ವರ್ಷಗಟ್ಟಲೆ ಕೆಸರು ಮೆತ್ತಿದ ಗೋಡೆ.
ಸಾಸಿವೆ ಒಗ್ಗರಣೆಗೆ ಸಾಕು,
ಸಾವಿಗೆ ಸಾಲದು.

ನನಗೆ ಗೊತ್ತಿದೆ. ಹತ್ತೊಂಬತ್ತರಲ್ಲಿ
ಮಾವನ ಬಂದೂಕಿಗೆ ಕೈಗೆ ಸಿಕ್ಕಿದ್ದನ್ನು ತುಂಬಿ ಹೊಡೆದಿದ್ದೆ.
ಮೂರು ರಾತ್ರಿ ಕಬ್ಬಿನ ಗದ್ದೆಯೊಳಗಿಂದ ಕೇಳಿಸಿತು.
ಮಾವ ಬೈಯಲಿಲ್ಲ. ನನ್ನ ತಟ್ಟೆ ಮುಚ್ಚಿಟ್ಟ.
ನಾಲ್ಕನೇ ರಾತ್ರಿ ಗದ್ದೆ ಸುಮ್ಮನಾದಾಗ ಅಂದ:
ಈಗ ಉಣ್ಣು.

ಅದನ್ನೆಲ್ಲ ಸಗುಣನಿಗೆ ಹೇಳಲಿಲ್ಲ.
ಒಂಟಿ ಗುಂಡಿನದನ್ನು ತೆಗೆದು ಗಾಜಿನ ಮೇಲೆ ನಿಲ್ಲಿಸಿದೆ,
ಹೆಬ್ಬೆರಳಿನ ಗಾತ್ರ, ಕೆಂಪು.
ಬೆಲೆ ಕೇಳಿ ಮತ್ತೆ ಎಣಿಸಿದ. ಒಂದಕ್ಕಾಗುವಷ್ಟಿತ್ತು.
ಎರಡನೆಯದನ್ನೂ ಇಟ್ಟೆ.
ಒಂದು ಹಂದಿಗೆ. ಇನ್ನೊಂದು ನಿನ್ನ ಕೈ ನಡುಕಕ್ಕೆ.
ಹತ್ತಿರ ಹೋಗು, ಹೆದರಿಕೆಯಾಗುವಷ್ಟು ಹತ್ತಿರ.
ಅದು ನಿನ್ನನ್ನು ನೋಡ್ತದೆ. ನೋಡಲಿ.

ಪುಸ್ತಕದಲ್ಲಿ ಬರೆದೆ: ಎರಡು. ಉದ್ದೇಶ, ಬೆಳೆ ರಕ್ಷಣೆ.
ಆ ಖಾನೆಯಲ್ಲಿ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಹತ್ತು ದಿನ ಬಿಟ್ಟು ಬಂದ.
ಬಾಕಿ ಹಣ, ಚಿಲ್ಲರೆ ಸಮೇತ.
ಮೇಲೆ ಸುರುಳಿ ಸುತ್ತಿದ ಬೈಕಿನ ಕ್ಲಚ್ಚಿನ ತಂತಿ,
ಯಾರೋ ಸೋಪು ಹಚ್ಚಿ ತೊಳೆದದ್ದು.
ಎರಡೂ ಬೇಕಾಯಿತಾ?
ಅವನು ಬೇಕರಿಯ ಕಡೆ ನೋಡಿದ.
"ತಮ್ಮ ಜೊತೆಗಿದ್ದ," ಎಂದ.
"ಕಣ್ಣು ಮುಚ್ಚಬೇಡ ಅಂತ ಹೇಳಿ
ಅವನ ಕೈಗೇ ಕೊಟ್ಟೆ."

ತಂತಿ ಈಗ ಆರನೇ ನಂಬರಿನ ಡ್ರಾವರಿನಲ್ಲಿದೆ.
ಅಗ್ಗದ್ದು ಕೊಡು ಎಂದು ಯಾರಾದರೂ ಕೇಳಿದರೆ
ಮೊದಲು ಬೆರಳಿಗೆ ಸಿಗುವುದು ಅದು.